ಮೊದಲ ಸಹಿ

ಗ್ಲೆನ್ ವೇವರ್ಲಿ, ಮೆಲ್ಬರ್ನ್
೪ ಫೆಬ್ರವರಿ ೨೦೨೫

ಅಣ್ಣಾ,

ನಾನಿಲ್ಲಿ ಚೆನ್ನಾಗಿದ್ದೇನೆ. ನೀನು ಬಿ.ಪಿ. ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರೆ ಸಿಡ್ನಿಯಲ್ಲಿ ನೀನೂ ಚೆನ್ನಾಗಿರುತ್ತೀಯ. ಡಾಕ್ಟರಿಗೇ ಮಾತ್ರೆ ನೆನಪಿಸಬೇಕಾದ ತಂಗಿ ಇಡೀ ಆಸ್ಟ್ರೇಲಿಯಾದಲ್ಲಿ ನಾನೊಬ್ಬಳೇ ಇರಬೇಕು.

ಇಷ್ಟು ದೊಡ್ಡ ಸುದ್ದಿಗೆ ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಫೋನಿನಲ್ಲಿ ನಮ್ಮಿಬ್ಬರಿಗೆ ಮೂರನೇ ನಿಮಿಷಕ್ಕೆ ಜಗಳ ಹತ್ತಿಕೊಳ್ಳುತ್ತದೆ. ಅಮ್ಮ ಹೋದ ಮೇಲೆ ಇನ್ನು ಕಾಗದದಲ್ಲೇ ಮಾತು ಎಂದು ಒಪ್ಪಂದ ಮಾಡಿಕೊಂಡು ಹನ್ನೊಂದು ವರ್ಷವಾಯಿತು. ಅದರಿಂದಲೇ ನಾವಿನ್ನೂ ಅಣ್ಣ ತಂಗಿಯಾಗಿ ಉಳಿದಿದ್ದೇವೆ.

ಸುದ್ದಿ ಏನೆಂದರೆ, ಒಂಬತ್ತನೇ ತರಗತಿಗೆ ಹೊಸ ಇತಿಹಾಸ ಪುಸ್ತಕ ಬರುತ್ತಿದೆ. ಅದರಲ್ಲಿ ಗುಲಾಮಗಿರಿಯ ಅಧ್ಯಾಯ ಬರೆಯಲು ಇಲ್ಲಿಯ ಪ್ರಕಾಶಕರು ನನ್ನನ್ನು ಕೇಳಿದ್ದಾರೆ. ಪೆಸಿಫಿಕ್ ದ್ವೀಪಗಳ ಜನರನ್ನು ಮೋಸದಿಂದ, ಬಲವಂತದಿಂದ ಹಡಗು ಹತ್ತಿಸಿ ತಂದು ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ತೋಟಗಳಲ್ಲಿ ದುಡಿಸಿದರಲ್ಲ, ಅದೇ ಮುಖ್ಯ ಭಾಗ. ಅವರಲ್ಲಿ ಎಷ್ಟೋ ಜನ, ಏನು ಬರೆದಿದೆ ಎಂದು ತಿಳಿಯದೆ ಒಪ್ಪಂದದ ಕಾಗದಕ್ಕೆ ಗುರುತು ಹಾಕಿದವರು. ಪುಸ್ತಕದ ಸುದ್ದಿ ಹೊರಬಿದ್ದ ವಾರದಲ್ಲೇ ಒಬ್ಬ ಎಂಪಿ ರೇಡಿಯೋದಲ್ಲಿ ಕೂತು, 'ನಮ್ಮ ದೇಶದಲ್ಲಿ ಗುಲಾಮರೇ ಇರಲಿಲ್ಲ, ಮಕ್ಕಳಿಗೆ ನಾಚಿಕೆಪಡುವುದನ್ನು ಕಲಿಸಬೇಡಿ' ಎಂದು ಅಬ್ಬರಿಸಿದ. ನನಗೆ ನಗು ಬಂತು, ಆಮೇಲೆ ಸ್ವಲ್ಪ ಹೆದರಿಕೆಯೂ ಬಂತು.

ಈಗ ಕೆಲಸದ ಮಾತು. ಈ ಅಧ್ಯಾಯದ ಕೊನೆಗೆ ಅರ್ಧ ಪುಟದ ಒಂದು ಬಾಕ್ಸ್ ಇದೆ. ಲೇಖಕರು ತಮ್ಮ ಸ್ವಂತ ಮನೆತನದ ಒಂದು ನೆನಪನ್ನು ಅಲ್ಲಿ ಬರೆಯಬೇಕು. ನಾನು ನೀಲಕ್ಕನ ಬಗ್ಗೆ ಬರೆಯುತ್ತೇನೆ. ಅವಳು ಒಂಬತ್ತು ವರ್ಷದವಳಿದ್ದಾಗ ಅವಳಪ್ಪ ನಮ್ಮ ತಾತನ ಹತ್ತಿರ ಜೀತದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಿಟ್ಟುಹೋದನಂತೆ. ಮೈಸೂರಿನ ಮನೆಯ ಹಿತ್ತಿಲಲ್ಲಿ ನಲವತ್ತೊಂದು ವರ್ಷ ದುಡಿದು ಅಲ್ಲೇ ಸತ್ತಳು. ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಒಂದರಲ್ಲಾದರೂ ಇರಲಿ.

'ನೀಲಕ್ಕನ ಕಾಗದ ಟ್ರಂಕಲ್ಲಿದೆ' ಎಂದು ಅಮ್ಮ ಹೇಳುತ್ತಿದ್ದಳು. ಆ ಟ್ರಂಕ್ ಈಗ ನಿನ್ನ ಗ್ಯಾರೇಜಿನಲ್ಲಿದೆ. ಹುಡುಕಿ ಕಳಿಸು. ಫೋಟೋ ಇದ್ದರೆ ಅದನ್ನೂ.

ನಿನ್ನ ವತ್ಸಲಾ


ಲಿವರ್‌ಪೂಲ್, ಸಿಡ್ನಿ
೧೫ ಫೆಬ್ರವರಿ ೨೦೨೫

ವತ್ಸೂ,

ಮಾತ್ರೆ ನುಂಗಿದ್ದೇನೆ, ಸಾಕ್ಷಿಗೆ ನಿನ್ನ ಅತ್ತಿಗೆ ಅಹಲ್ಯಾ ಇದ್ದಾಳೆ.

ನಿನ್ನ ಕಾಗದ ಓದಿ ಎದೆಯುಬ್ಬಿತು ಕಣೇ. ಭಾನುವಾರ ನಮ್ಮ ಕನ್ನಡ ಸಂಘದ ಸಭೆಯಲ್ಲಿ ಎದ್ದು ನಿಂತು, 'ನನ್ನ ತಂಗಿ ಈ ದೇಶದೋರಿಗೆ ಈ ದೇಶದ ಹಿಸ್ಟರಿ ಹೇಳ್ಕೊಡ್ತಿದಾಳೆ' ಎಂದೆ. ಜೋರು ಚಪ್ಪಾಳೆ. ಕಾರ್ಯದರ್ಶಿ ಚಕ್ರಪಾಣಿ ಓಡಿಬಂದು, 'ಅಂಕಲ್, ಆಂಟೀನ ರಾಜ್ಯೋತ್ಸವಕ್ಕೆ ಚೀಫ್ ಗೆಸ್ಟ್ ಮಾಡೋಣ' ಎಂದ. ಆ ಎಂಪಿಯ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ನಡೆದದ್ದು ನಡೆದದ್ದೇ. ಯಾರಿಗೋ ನೋವಾಗುತ್ತದೆ ಎಂದು ಇತಿಹಾಸ ಬದಲಾಯಿಸುವುದಕ್ಕಾಗುತ್ತದೆಯೇ? ಒಂದಕ್ಷರ ಬಿಡಬೇಡ.

ಟ್ರಂಕ್ ಇಳಿಸಿ ನೋಡಿದೆ. ಅಪ್ಪನ ವಕೀಲಿಕೆಯ ಹಳೇ ಫೈಲುಗಳು, ನಿನ್ನ ನಾಲ್ಕನೇ ಕ್ಲಾಸಿನ ಮಾರ್ಕ್ಸ್ ಕಾರ್ಡು. ಗಣಿತಕ್ಕೆ ಮೂವತ್ತೇಳು ಬಂದಿದೆ, ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ತೆಗೆದಿಟ್ಟಿದ್ದೇನೆ. ನೀನು ಹೇಳಿದ ಜೀತದ ಕಾಗದ ಅದರಲ್ಲಿಲ್ಲ.

ಒಂದು ಫೋಟೋ ಸಿಕ್ಕಿತು. ಮನೆಯವರೆಲ್ಲ ಸಾಲಾಗಿ ಕೂತಿದ್ದೇವೆ. ನೀಲಕ್ಕ ಬಲಗಡೆ ಅಂಚಿನಲ್ಲಿ ಅರ್ಧ ಬಂದಿದ್ದಾಳೆ.

ಒಂದು ಮಾತು. ಆ ಬಾಕ್ಸಿಗೆ ನೀಲಕ್ಕನೇ ಬೇಕಾ? ಅವಳು ನಮ್ಮಲ್ಲಿ ಮನೆ ಮಗಳಂತೆಯೇ ಇದ್ದಳಲ್ಲ. ಅಪ್ಪ ಖಾದಿ ತೊಟ್ಟವರು, ಅದನ್ನು ಬರೆಯಬಹುದು. ಯೋಚನೆ ಮಾಡು.

ಇಂತಿ,
ಲಕ್ಷ್ಮೀಶ


ಗ್ಲೆನ್ ವೇವರ್ಲಿ
೨೦ ಮಾರ್ಚ್ ೨೦೨೫

ಅಣ್ಣಾ,

ಮನೆ ಮಗಳಂತೆ ಎಂದೆ. ಆ ಮನೆಯ ಮಗಳು ನಾನು. ನನಗೆ ನಡುಮನೆಯಲ್ಲಿ ಹಾಸಿಗೆ ಇತ್ತು, ಅವಳಿಗೆ ಬಚ್ಚಲುಮನೆಯ ಪಕ್ಕ ಸೌದೆ ಒಟ್ಟುವ ಜಾಗ. ನನಗೆ ಬೆಳ್ಳಿ ಲೋಟ, ಅವಳಿಗೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದ ಅಲ್ಯುಮಿನಿಯಂ ಲೋಟ. ಅದಕ್ಕೆ ನಾವು ಕಾಫಿಯನ್ನು ಎತ್ತರದಿಂದ ಹೊಯ್ಯುತ್ತಿದ್ದೆವು, ತಾಗಬಾರದೆಂದು. ಹೊಯ್ಯುವುದನ್ನು ಅಮ್ಮ ನನಗೆ ಕಲಿಸಿದಾಗ ನನಗೆ ಏಳು ವರ್ಷ. ಒಂದು ಹನಿಯೂ ಚೆಲ್ಲದೆ ಹೊಯ್ದಾಗ ನೀಲಕ್ಕನೇ ಶಭಾಷ್ ಎಂದಳು. ಅದು ನೆನಪಾದರೆ ಈಗಲೂ ನನಗೆ ಎದ್ದು ಎಲ್ಲಾದರೂ ಓಡಿಹೋಗೋಣ ಎನ್ನಿಸುತ್ತದೆ.

ಬಾಕ್ಸ್ ಬರೆದು ಕೊಟ್ಟೆ. ಅದರ ಕೊನೆಯ ಸಾಲುಗಳು ಹೀಗಿವೆ, ಇಂಗ್ಲಿಷಿನಲ್ಲಿದ್ದದ್ದನ್ನು ನಿನಗಾಗಿ ಕನ್ನಡದಲ್ಲಿ ಬರೆಯುತ್ತೇನೆ: 'ಗುಲಾಮಗಿರಿ ಎಲ್ಲೋ ದೂರದವರು ಮಾಡಿದ ಪಾಪ ಎಂದುಕೊಂಡು ನಾನು ಬೆಳೆದೆ. ದಿನಾ ನನ್ನ ಪುಸ್ತಕದ ಚೀಲ ಹೊತ್ತು ನನ್ನನ್ನು ಶಾಲೆಗೆ ಬಿಡುತ್ತಿದ್ದವಳು ಶಾಲೆಯ ಒಳಗೆ ಒಮ್ಮೆಯೂ ಹೋಗಿರಲಿಲ್ಲ. ಅವಳ ಹೆಸರು ನೀಲಕ್ಕ.' ಎಡಿಟರ್ ಎರಡು ಸಲ ಓದಿದರು. ಆಮೇಲೆ ಅಧ್ಯಾಯದಲ್ಲೇ ಒಳ್ಳೆಯ ಭಾಗ ಇದು ಎಂದರು.

ಆದರೆ ಕರಡು ಪುಟಗಳನ್ನು ಕೆಲವು ಶಾಲೆಗಳಿಗೆ ಅಭಿಪ್ರಾಯಕ್ಕೆ ಕಳಿಸಿದ್ದರು. ಇಲ್ಲಿಯ ಪಾಯಿಂಟ್ ಕುಕ್ ಬಡಾವಣೆಯ ಯತೀಶ್ ಎಂಬ ತಂದೆಯೊಬ್ಬರಿಂದ ನನಗೆ ಇಮೇಲ್ ಬಂದಿದೆ. ಹಾಸನದ ಕಡೆಯವರು, ಐಟಿಯಲ್ಲಿದ್ದಾರೆ. 'ಮೇಡಂ, ನನ್ನ ಮಗನಿಗೆ ಇಲ್ಲಿ ಹುಟ್ಟಿದ್ರೂ ಎಲ್ಲಿಂದ ಬಂದೆ ಅಂತ ಕೇಳ್ತಾರೆ. ಇನ್ನು ನಿಮ್ಮನೇಲಿ ಸ್ಲೇವ್ಸ್ ಇದ್ರಾ ಅಂತಾನೂ ಕೇಳ್ಬೇಕಾ?' ಸಿಟ್ಟಿನವರಲ್ಲ, ಹೆದರಿದವರು. ಒಂದು ತಾಸು ಕೂತು ಉತ್ತರ ಬರೆದೆ.

ಕಾಗದ ಸಿಕ್ಕಲಿಲ್ಲ ಎಂದೆ. ಇನ್ನೊಂದು ನೆನಪಿದೆ. ಎಪ್ಪತ್ತಾರರಲ್ಲಿ, ಜೀತ ರದ್ದಾದ ಹೊಸದರಲ್ಲಿ, ಕಂದಾಯ ಇಲಾಖೆಯವರೊಬ್ಬರು ನಮ್ಮ ಮನೆಗೆ ಬಂದಿದ್ದರು. ನನಗೆ ಹನ್ನೆರಡು. ನನ್ನನ್ನು ಪಕ್ಕದ ಮನೆಗೆ ಅಟ್ಟಿದರು. ನೀನು ಅಲ್ಲೇ ಇದ್ದೆ. ಅವತ್ತು ಏನಾಯಿತು?

ವತ್ಸಲಾ


ಲಿವರ್‌ಪೂಲ್
೨ ಏಪ್ರಿಲ್ ೨೦೨೫

ವತ್ಸಲಾ,

ಹೊಸ ವರ್ಷದ ಶುಭಾಶಯ. ಭಾನುವಾರ ಸಂಘದಲ್ಲಿ ಯುಗಾದಿ ಊಟ ಇತ್ತು. ಒಬ್ಬಟ್ಟು ಚೆನ್ನಾಗಿತ್ತು, ಮೂರು ತಿಂದೆ. ಅಹಲ್ಯಾಗೆ ಎರಡು ಎಂದು ಲೆಕ್ಕ ಕೊಟ್ಟಿದ್ದೇನೆ, ನೀನು ಬಾಯಿ ಬಿಡಬೇಡ.

ಮೊಮ್ಮಗಳು ಸಾನ್ವಿಯೂ ಈಗ ಒಂಬತ್ತನೇ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಹೋದ ವಾರ ಟ್ರೇನಿನಲ್ಲಿ ಯಾರೋ ಅವಳಿಗೆ ಕೆಟ್ಟ ಮಾತು ಅಂದರಂತೆ. ಮನೆಗೆ ಬಂದು ನಮಗೆ ಹೇಳಲಿಲ್ಲ, ಅವಳ ತಮ್ಮನಿಂದ ಗೊತ್ತಾಯಿತು. ಮಕ್ಕಳ ಪಾಡು ನೋಡಿ ಈಗ ದಿನಾ ಸಂಜೆ ಸ್ಟೇಷನ್ನಿಗೆ ನಾನೇ ಹೋಗುತ್ತೇನೆ. ನೀನು ಬರೆದದ್ದು ತಪ್ಪು ಎನ್ನುತ್ತಿಲ್ಲ. ಸ್ವಲ್ಪ ಮೆಲ್ಲಗೆ ಬರೆಯಬಹುದಿತ್ತೇನೋ ಎನ್ನುತ್ತಿದ್ದೇನೆ.

ಎಪ್ಪತ್ತಾರರದ್ದು ನನಗೆ ಸರಿಯಾಗಿ ನೆನಪಿಲ್ಲ. ಆಗ ನನಗೆ ಮೆಡಿಕಲ್ ಸೀಟಿನದ್ದೇ ಧ್ಯಾನ.

ಇಲ್ಲಿ ಚಳಿ ಶುರುವಾಗುತ್ತಿದೆ. ಕರಿಬೇವಿನ ಗಿಡವನ್ನು ಒಳಗೆ ತಂದಿಟ್ಟೆ.

ಲಕ್ಷ್ಮೀಶ


ಗ್ಲೆನ್ ವೇವರ್ಲಿ
೯ ಮೇ ೨೦೨೫

ಅಣ್ಣಾ,

ನಿನ್ನ ಕಾಗದಕ್ಕೆ ಐದು ವಾರ ಉತ್ತರ ಬರೆಯಲಿಲ್ಲ. ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಬಾಕ್ಸನ್ನು ಕಿತ್ತುಹಾಕಬೇಕೆಂದು ಪಿಟಿಷನ್ ಬಂದಿದೆ. ನಾಲ್ಕು ಸಾವಿರದ ಇನ್ನೂರು ಸಹಿ. ಶುರು ಮಾಡಿದವರು ಯತೀಶ್ ಅಲ್ಲ, ಅವರು ಫೋನ್ ಮಾಡಿ, 'ಇಷ್ಟು ದೂರ ಹೋಗುತ್ತೆ ಅಂದ್ಕೊಂಡಿರ್ಲಿಲ್ಲ ಮೇಡಂ' ಎಂದು ಪೇಚಾಡಿದರು. ಅದರಲ್ಲಿ ಬರೆದಿದೆ: 'ಭಾರತೀಯ ಮನೆಗಳಲ್ಲಿ ಕೆಲಸದವರು ಮನೆ ಮಕ್ಕಳಂತೆ ಬಾಳಿದವರು. ಒಬ್ಬ ಲೇಖಕಿಯ ದಾಖಲೆಯಿಲ್ಲದ ನೆನಪಿಗಾಗಿ ಇಡೀ ಸಮುದಾಯವನ್ನು ಅವಮಾನಿಸಬಾರದು.'

ದಾಖಲೆಯಿಲ್ಲದ. ಪ್ರಕಾಶಕರೂ ಅದನ್ನೇ ಹಿಡಿದರು. ಮೀಟಿಂಗಿನಲ್ಲಿ ಅವರ ವಕೀಲರು ಬಹಳ ನಯವಾಗಿ, ಒಂದಾದರೂ ಕಾಗದ ಇದೆಯೇ ಎಂದು ಕೇಳಿದರು. ಇಪ್ಪತ್ತೆಂಟು ವರ್ಷ ಇತಿಹಾಸದ ಪಾಠ ಮಾಡುತ್ತಾ ಮಕ್ಕಳನ್ನು ಆಧಾರ ಎಲ್ಲಿ, ಆಧಾರ ಎಲ್ಲಿ ಎಂದು ಕೇಳಿ ಕಾಡಿದವಳು ನಾನು. ಅರ್ಧ ಹೆಂಗಸಿರುವ ಒಂದು ಫೋಟೋ ಹಿಡಿದುಕೊಂಡು ಕೂತಿದ್ದೆ.

ಆಮೇಲೆ ಸಹಿಗಳ ಪಟ್ಟಿ ತೋರಿಸಿದರು. ಮೊದಲನೆಯ ಹೆಸರು ಓದಿ ಕೆಳಗಿಟ್ಟೆ. ಮುಂದಕ್ಕೆ ಓದಲಿಲ್ಲ. ಎಡಿಟರ್, 'ಇವರು ನಿಮಗೆ ಗೊತ್ತಾ? ನಿಮ್ಮದೇ ಸರ್‌ನೇಮ್ ಇದೆ' ಎಂದು ಕೇಳಿದರು. ನಮ್ಮಲ್ಲಿ ಅಂಥ ಹೆಸರು ಸಾಮಾನ್ಯ ಎಂದೆ.

ಈ ತಿಂಗಳ ಮೂವತ್ತಕ್ಕೆ ಪುಸ್ತಕ ಅಚ್ಚಿಗೆ ಹೋಗುತ್ತದೆ.

ವತ್ಸಲಾ


ಲಿವರ್‌ಪೂಲ್
೨೬ ಮೇ ೨೦೨೫

ವತ್ಸೂ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಹೇಗಿದೆಯೋ ಹಾಗೆ ಹಾಕಿಬಿಡುತ್ತೇನೆ.

ಯುಗಾದಿ ಊಟದ ದಿನ ಚಕ್ರಪಾಣಿ ಐಪ್ಯಾಡ್ ಹಿಡಿದುಕೊಂಡು ಬಂದ. 'ಅಂಕಲ್, ಮೊದಲ್ನೇ ಸೈನ್ ನಿಮ್ದೇ ಆಗ್ಬೇಕು.' ನಿನಗೆ ನಮ್ಮ ಸಂಘದ ಪದ್ಧತಿ ಗೊತ್ತಿಲ್ಲ. ಮೂವತ್ತು ವರ್ಷದಿಂದ ಹಾಲ್ ಬುಕಿಂಗಿನ ಅರ್ಜಿಯಿಂದ ಹಿಡಿದು ಕೌನ್ಸಿಲಿನ ಗ್ರ್ಯಾಂಟಿನವರೆಗೆ ಮೊದಲ ಸಹಿ ನನ್ನದು. ಹಿರಿಯ, ಡಾಕ್ಟರು, ನನ್ನದಾದರೆ ಉಳಿದವರು ಓದದೆ ಹಾಕುತ್ತಾರೆ. ನಾನೂ ಓದುವುದಿಲ್ಲ. ಏನಪ್ಪಾ ಇದು ಎಂದೆ. 'ಸ್ಕೂಲ್ ಮಕ್ಕಳ ವಿಷ್ಯ ಅಂಕಲ್' ಎಂದ. ಎಡಗೈಯಲ್ಲಿ ಒಬ್ಬಟ್ಟಿನ ತಟ್ಟೆ ಹಿಡಿದು ಬಲಗೈ ಬೆರಳಿನಲ್ಲಿ ಗೀಚಿದೆ. ನೀನು ನನ್ನ ತಂಗಿ ಎಂದು ಅವನಿಗೆ ಗೊತ್ತು. ಬೇಕೆಂದೇ ನನ್ನಿಂದ ಹಾಕಿಸಿದನೋ, ಕರಡಿನಲ್ಲಿ ನಿನ್ನ ಹೆಸರಿರಲಿಲ್ಲವೋ, ನಾನು ಇನ್ನೂ ಕೇಳಿಲ್ಲ.

ಅವತ್ತೇ ಸಂಜೆ ವಾಟ್ಸಾಪಿನಲ್ಲಿ ಪೂರ್ತಿ ಓದಿದೆ. ಮೂರು ದಿನದ ಮೇಲೆ ನಿನಗೆ ಕರಿಬೇವಿನ ಗಿಡದ ಬಗ್ಗೆ ಬರೆದೆ. ಇದಕ್ಕೆ ಕ್ಷಮೆ ಕೇಳಲು ನನಗೆ ಮುಖವಿಲ್ಲ.

ನಿನ್ನ ಕಾಗದ ಬಂದ ಮೇಲೆ ಹೆಸರು ತೆಗೆಯಪ್ಪಾ ಎಂದು ಚಕ್ರಪಾಣಿಗೆ ಫೋನ್ ಮಾಡಿದೆ. 'ಈಗ ತೆಗುದ್ರೆ ಎಲ್ರೂ ಯಾಕೆ ಅಂತಾರೆ ಅಂಕಲ್. ಆಲ್ರೆಡಿ ಸಬ್ಮಿಟ್ ಆಗಿದೆ' ಎಂದ. ಪ್ರಕಾಶಕರಿಗೆ ಇಮೇಲ್ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಎರಡೇ ಸೆಕೆಂಡಿಗೆ ಉತ್ತರ ಬಂತು. ಮನುಷ್ಯರು ಬರೆದದ್ದಲ್ಲ. ಫೋನ್ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತದೆ. ಇಷ್ಟು ವರ್ಷ ನನ್ನ ಸಹಿಗೆ ಬೆಲೆ ಇದೆ ಎಂದು ಬೀಗುತ್ತಿದ್ದೆ. ಇದೆ, ಹಾಕುವುದಕ್ಕೆ ಮಾತ್ರ.

ನೀನು ಕೇಳಿದ ಜೀತದ ಕಾಗದ ನಿಜವಾಗಿಯೂ ಇಲ್ಲ. ಕಂದಾಯದವರು ಬರುವ ಹಿಂದಿನ ದಿನ ಅಪ್ಪ ಅದನ್ನು ಬಚ್ಚಲಿನ ಒಲೆಗೆ ಹಾಕಿದರು. ಆ ನೀರಿನಲ್ಲಿ ನಾನೇ ಸ್ನಾನ ಮಾಡಿದೆ. ಆದರೆ ಇನ್ನೊಂದು ಕಾಗದ ಇದೆ. ಫೆಬ್ರವರಿಯಲ್ಲೇ ಸಿಕ್ಕಿತ್ತು. ಅದನ್ನು ಎಕ್ಸ್‌ಪ್ರೆಸ್ ಪೋಸ್ಟಿನಲ್ಲಿ ಬೇರೆಯಾಗಿ ಕಳಿಸಿದ್ದೇನೆ. ಮೂವತ್ತರೊಳಗೆ ಮುಟ್ಟಲಿ ಎಂದು ಅಂಚೆ ಕಚೇರಿಯ ಹುಡುಗಿಗೆ ಎರಡು ಸಲ ಹೇಳಿದೆ.

ಅದನ್ನು ನೋಡಿದ ಮೇಲೆ ನೀನು ನನಗೆ ಬರೆಯದೇ ಇರಬಹುದು.

ಅಣ್ಣ


ಗ್ಲೆನ್ ವೇವರ್ಲಿ
೮ ಜೂನ್ ೨೦೨೫

ಅಣ್ಣಾ,

ನಿನ್ನ ಲಕೋಟೆ ಇಪ್ಪತ್ತೆಂಟಕ್ಕೇ ಬಂತು. ಬಾಗಿಲಿನಲ್ಲೇ ಒಡೆದು ಓದಿ, ಮನೆಯೊಳಗಿನ ಚಪ್ಪಲಿಯಲ್ಲೇ ಟ್ರೇನ್ ಹತ್ತಿ ಪ್ರಕಾಶಕರಲ್ಲಿಗೆ ಹೋದೆ. ಎಡಿಟರ್ ಕೆಳಗೆ ಇಳಿದು ಬಂದರು, ಒಳಗೆ ಕರೆಯಲಿಲ್ಲ. ಕಾಗದ ನೋಡಿ ಅವರ ಕಣ್ಣು ತುಂಬಿತು. 'ವತ್ಸಲಾ, ಇದು ನಿಮ್ಮ ಮಾತನ್ನು ಸಾಧಿಸುವುದಿಲ್ಲ, ಅವರ ಮಾತನ್ನು ಸಾಧಿಸುತ್ತದೆ' ಎಂದರು. ಅದು ಸತ್ಯ. ನಾನೇ ಅವರಿಗೆ ಸಾಲುಸಾಲಾಗಿ ಅನುವಾದ ಮಾಡಿ ಹೇಳಿದ್ದೆ: 'ನಾನು ಈ ಮನೆಯಲ್ಲಿ ನನ್ನ ಸ್ವಂತ ಇಚ್ಛೆಯಿಂದ ಇದ್ದೇನೆ. ನನ್ನ ಮೇಲೆ ಯಾವ ಜೀತವೂ ಇಲ್ಲ. ನನ್ನನ್ನು ಮನೆ ಮಗಳಂತೆ ನೋಡಿಕೊಳ್ಳುತ್ತಿದ್ದಾರೆ.' ಕೆಳಗೆ ನೀಲಕ್ಕನ ಹೆಬ್ಬೆಟ್ಟು. ಪಕ್ಕದಲ್ಲಿ ಸಾಕ್ಷಿ, ಲಕ್ಷ್ಮೀಶ, ವಯಸ್ಸು ಹದಿನೇಳು. ಎಷ್ಟು ಚೆಂದದ ಅಕ್ಷರ ನಿನ್ನದು.

ಬಾಕ್ಸ್ ಹೋಯಿತು. ಆ ಜಾಗದಲ್ಲಿ ಸಕ್ಕರೆ ಕಾರ್ಖಾನೆಯ ಒಂದು ಚಿತ್ರ ಹಾಕಿದ್ದಾರೆ. ಅಷ್ಟೇ ಅಲ್ಲ. ಆ ಎಂಪಿ ಮತ್ತೆ ರೇಡಿಯೋಕ್ಕೆ ಬಂದು, ವಲಸೆ ಬಂದವರಿಗೂ ಈ ಪುಸ್ತಕ ಬೇಡವಾಗಿದೆ ಎಂದು ನಿಮ್ಮ ಪಿಟಿಷನ್ನನ್ನೇ ಎತ್ತಿ ತೋರಿಸಿದ. ಅದರ ಬಿಸಿಗೆ ದ್ವೀಪದವರ ಭಾಗವನ್ನೂ ತಿದ್ದಿದರು. ನಾನು 'ಹಿಡಿದು ತಂದರು' ಎಂದು ಬರೆದಿದ್ದ ಕಡೆ 'ಕೆಲಸಕ್ಕಾಗಿ ಬಂದರು' ಎಂದಿದೆ. ನನ್ನ ಹೆಸರು ತೆಗೆದುಬಿಡಿ ಎಂದೆ. ಮುಖಪುಟ ಅಚ್ಚಾಗಿದೆ, ಆಗುವುದಿಲ್ಲ ಎಂದರು. ಈಗ ನಿನ್ನ ಹೆಸರು ಆ ಪಟ್ಟಿಯಲ್ಲಿ ಮೊದಲನೆಯದು, ನನ್ನ ಹೆಸರು ಈ ಪುಸ್ತಕದಲ್ಲಿ ಮೂರನೆಯದು. ತೆಗೆಸಲು ನಿನ್ನಿಂದಲೂ ಆಗಲಿಲ್ಲ, ನನ್ನಿಂದಲೂ ಆಗಲಿಲ್ಲ.

ನಿನ್ನ ಮೇಲೆ ಕೋಪ ಇದೆ. ಬಹಳ ಇದೆ. ಆದರೆ ಆ ಲೋಟಕ್ಕೆ ಎತ್ತರದಿಂದ ಹೊಯ್ದ ಕೈ ನನ್ನದು. ಹಾಗಾಗಿ ಕೋಪ ಪೂರ್ತಿಯಾಗಿ ನಿನ್ನ ತನಕ ಬರುತ್ತಿಲ್ಲ, ನಡುವೆ ಎಲ್ಲೋ ಸಿಕ್ಕಿಕೊಂಡಿದೆ.

ಕಾಗದ ನನ್ನ ಮೇಜಿನ ಮೇಲಿದೆ. ದಿನಾ ನೋಡುತ್ತೇನೆ. ಒಂದೇ ಒಂದು ಕೇಳುತ್ತೇನೆ, ಈ ಸಲ ನೆನಪಿಲ್ಲ ಎನ್ನಬೇಡ. ಹೆಬ್ಬೆಟ್ಟಿನ ಗುರುತು ಎರಡಿವೆ. ಒಂದು ಸ್ಪಷ್ಟವಾಗಿದೆ, ಪಕ್ಕದಲ್ಲಿ ಇನ್ನೊಂದು. ಯಾಕೆ ಎರಡು? ಅವಳು ಒಪ್ಪದೆ ಕೈ ಎಳೆದುಕೊಂಡಳಾ? ಹಿಡಿದು ಒತ್ತಿಸಿದಿರಾ? ಹಾಗಾಗಿದ್ದರೆ ಹೇಳಿಬಿಡು. ಅವಳು ಒಮ್ಮೆಯಾದರೂ ಒಲ್ಲೆ ಎಂದಿದ್ದಳು ಎಂದು ಗೊತ್ತಾದರೆ ನನಗೆ ಅಷ್ಟೇ ಸಾಕು.

ವತ್ಸಲಾ


ಲಿವರ್‌ಪೂಲ್
೧೫ ಜೂನ್ ೨೦೨೫

ವತ್ಸೂ,

ನೆನಪಿದೆ. ಯಾವತ್ತೂ ನೆನಪಿತ್ತು.

ಕಂದಾಯದವರು ಜಗಲಿಯಲ್ಲಿ ಕೂತಿದ್ದರು. ಅಮ್ಮ ಉಪ್ಪಿಟ್ಟು ಕೊಟ್ಟಿದ್ದಳು. ಗೇಟಿನಾಚೆ ನೀಲಕ್ಕನ ಅಣ್ಣ ನಿಂತಿದ್ದ, ಊರಿನಿಂದ ಬಂದವನು, ಸರ್ಕಾರ ಬಿಡಿಸಿದರೆ ತಂಗಿಯನ್ನು ಕರೆದುಕೊಂಡು ಹೋಗೋಣ ಎಂದು. ಕಂಕುಳಲ್ಲಿ ಅವಳಿಗೆಂದು ಒಂದು ಹೊಸ ಸೀರೆಯ ಗಂಟು ಇತ್ತು. ಅವನು ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಆಮೇಲೂ ಗೊತ್ತಾಗಲಿಲ್ಲ. ಅವಳನ್ನು ಜಗಲಿಗೆ ಕರೆಯುವ ಮೊದಲೇ ನಾನೇ ಗೇಟಿಗೆ ಹೋಗಿ, ಅವಳು ಬರುವುದಿಲ್ಲವಂತೆ ಎಂದು ಹೇಳಿ ಕಳಿಸಿದೆ. ಅಪ್ಪ ಹೇಳಿಸಿದ್ದು, ಆದರೆ ಹೇಳಿದ ಬಾಯಿ ನನ್ನದು.

ಕಾಗದ ಬರೆದದ್ದೂ ನಾನು. ನನ್ನ ಅಕ್ಷರ ದುಂಡಗಿದೆ ಎಂದು ಅಪ್ಪ ನನ್ನಿಂದಲೇ ಬರೆಸಿದರು. ಮೊದಲು ನಾನು ಸಾಕ್ಷಿ ಹಾಕಿದೆ, ಆಮೇಲೆ ಅವಳನ್ನು ಹಿತ್ತಿಲಿನಿಂದ ಕರೆದದ್ದು.

ಈಗ ನೀನು ಕೇಳಿದ್ದು. ಅವಳು ಒಲ್ಲೆ ಎಂದಳು ಎಂದು ಬರೆದುಬಿಡೋಣ ಎಂದು ಎರಡು ದಿನ ಯೋಚಿಸಿದೆ. ನಿನಗೆ ಸಮಾಧಾನವಾಗುತ್ತಿತ್ತು. ಆದರೆ ಇನ್ನೊಂದು ಸುಳ್ಳಿಗೆ ಸಹಿ ಹಾಕಲು ನನ್ನಲ್ಲಿ ಶಕ್ತಿಯಿಲ್ಲ.

ನಿನ್ನೆ ಸಾನ್ವಿಗೆ ಎಲ್ಲವನ್ನೂ ಹೇಳಿದೆ. ಅವಳು ಬಾಯಿಬಿಟ್ಟು ಕನ್ನಡದಲ್ಲಿ ಕೇಳಿದ್ದು ಬಹಳ ದಿನದ ಮೇಲೆ: 'ತಾತಾ, ಆಮೇಲೆ ಅವ್ರು ಮನೆಗೆ ಹೋದ್ರಾ?' ಇಲ್ಲ ಪುಟ್ಟಾ ಎಂದೆ. ಎದ್ದು ತನ್ನ ರೂಮಿಗೆ ಹೋದಳು.

ಅವತ್ತು ನೀಲಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಜಗಲಿಯ ಕೆಳಗೆ ನಿಂತಳು. ನಾನು ಅವಳ ಹೆಬ್ಬೆರಳಿಗೆ ಇಂಕು ಹಚ್ಚಿದೆ. ಅಷ್ಟು ವರ್ಷದಲ್ಲಿ ನಾನು ಅವಳ ಕೈ ಮುಟ್ಟಿದ್ದು ಅದೊಂದೇ ಸಲ. 'ಏನ್ ಬರ್ದದೆ ಚಿಕ್ಕಯ್ನೋರೇ ಇದ್ರಲ್ಲಿ?' ಎಂದು ಮೆಲ್ಲಗೆ ಕೇಳಿದಳು. ಅಪ್ಪ ನನ್ನ ಮುಖ ನೋಡಿದರು. 'ನೀನು ಈ ಮನೆ ಮಗಳು ಅಂತ ಬರ್ದಿದೆ' ಎಂದೆ.

ಅವಳ ಮುಖ ಅರಳಿತು, ವತ್ಸೂ. ಒತ್ತಿದಳು. ನಾನು ಕಾಗದ ತೆಗೆಯಲು ಹೋದರೆ ತಡೆದಳು. 'ತಡೀರಿ ಚಿಕ್ಕಯ್ನೋರೇ, ಸರ್ಯಾಗ್ ಬಿತ್ತೋ ಇಲ್ವೋ' ಎಂದು, ಪಕ್ಕದಲ್ಲಿ ತಾನಾಗಿ ಇನ್ನೊಂದು ಸಲ ಒತ್ತಿದಳು.

ಅಣ್ಣ